ಸ್ವರಲೋಪ

“ಹಾಕ್ಲಾ?” ಎಂದಳು ಹೆಂಡತಿ. “ಹೂಂ” ಎಂದ ಅವನು. ಕಾಫಿ ಲೋಟಕ್ಕೆ ಬಿತ್ತು. ಆ ಬೆಳಿಗ್ಗೆ ಆ ಮನೆಯಲ್ಲಿ ಆದ ಮಾತುಕತೆ ಅಷ್ಟೇ. ನಿನ್ನೆಯೂ ಅಷ್ಟೇ ಆಗಿತ್ತು, ಮೊನ್ನೆ ಅದಕ್ಕಿಂತ ಒಂದು ‘ಹೂಂ’ ಕಮ್ಮಿ ಇದ್ದಿರಬಹುದು. ಬೇರೆ ದಿನವಾಗಿದ್ದರೆ ಅವನು ಇದನ್ನು ಗಮನಿಸುತ್ತಲೂ ಇರಲಿಲ್ಲ. ಇವತ್ತು ಮಾತ್ರ ಆ ‘ಹಾಕ್ಲಾ’ ಹಬೆಯಾಡುತ್ತ ಮೇಜಿನ ಮೇಲೇ ಕೂತುಬಿಟ್ಟ ಹಾಗೆ ಕಂಡಿತು. ಕರ್ತೃ ಇಲ್ಲ, ಕರ್ಮ ಇಲ್ಲ, ಯಾರು ಏನನ್ನು ಎಲ್ಲಿಗೆ ಹಾಕಬೇಕೆಂಬ ಸುಳಿವಿಲ್ಲ. ‘ಹಾಕಲೇ’ ಎಂದು ನೆಟ್ಟಗೆ ನಿಲ್ಲಬೇಕಾಗಿದ್ದ ಕ್ರಿಯಾಪದ ಹೊಟ್ಟೆಯೊಳಗಿನ ಅಕಾರವನ್ನು ಎಲ್ಲೋ ಬೀಳಿಸಿಕೊಂಡು ಸೊರಗಿ ಬಂದಿದೆ. ಅದಕ್ಕೆ ತಾನು ಕೊಟ್ಟ ಉತ್ತರವೋ, ಪದವೂ ಅಲ್ಲ, ಮೂಗಿನಿಂದ ಹೊರಬಿದ್ದ ಗಾಳಿ. ಮದುವೆಯಾದ ಹೊಸದರಲ್ಲಿ ಇವಳೇ ‘ಕಾಫಿ ಸ್ವಲ್ಪ ಗಟ್ಟಿ ಆಗ್ಬಿಟ್ಟಿದೆ, ಬೇಕಾದ್ರೆ ಹಾಲು ಬಿಸಿ ಮಾಡಿ ಬೆರೆಸ್ಕೊಡ್ತೀನಿ, ಆದ್ರೆ ನೀವು ಮೊದಲು ಪೇಪರು ಕೆಳಗಿಡ್ಬೇಕು’ ಎಂದದ್ದು ನೆನಪಾಯಿತು. ಮೂರು ವಾಕ್ಯ, ಒಂದು ಷರತ್ತು. ಇಷ್ಟು ವರ್ಷಗಳಲ್ಲಿ ಯಾರು ಅದನ್ನು ಕೊರೆದು ಕೊರೆದು ಇಷ್ಟಕ್ಕೆ ತಂದರು? ಅವನು ಲೋಟದೊಳಗೆ ನೋಡಿದ. ಕೊರೆಯುವುದೇ ತನ್ನ ಕಸುಬು ಎಂಬುದು ನೆನಪಾಗಿ ಕಾಫಿ ಇನ್ನೂ ಕಹಿಯಾಯಿತು.

ಅವನು ದಿನಪತ್ರಿಕೆಯೊಂದರಲ್ಲಿ ಉಪಸಂಪಾದಕ. ವರದಿಗಾರರು ಊರೆಲ್ಲ ತಿರುಗಿ ಹೊರೆ ಕಟ್ಟಿ ತಂದದ್ದನ್ನು ಬಿಚ್ಚಿ, ಕೊಡವಿ, ಶೀರ್ಷಿಕೆಯ ಅಗಲಕ್ಕೆ ಹೊಂದಿಸಿ ಕೂರಿಸುವುದು ಅವನ ಕೆಲಸ. ಸೇತುವೆಯೊಂದು ಕುಸಿದಾಗ ಇಡೀ ಪುಟದ ವರದಿಯನ್ನು ‘ಸೇತುವೆ ಕುಸಿತ: ಎಮ್ಮೆ ಪಾರು’ ಎಂದು ಮುಗಿಸಿದ್ದನ್ನು ಕಚೇರಿಯಲ್ಲಿ ಈಗಲೂ ಹೊಸಬರಿಗೆ ಹೇಳಿ ತೋರಿಸುತ್ತಾರೆ. ಅಂದಿನಿಂದ ಅವನ ಹೆಸರು ‘ಕತ್ತರಿ’. ಎದುರಿಗೆ ‘ಕತ್ತರಿ ಸಾರ್’, ಬೆನ್ನ ಹಿಂದೆ ಬರೀ ‘ಕತ್ತರಿ’. ಬೆನ್ನ ಹಿಂದೆ ‘ಸಾರ್’ ಲೋಪವಾಗುವುದು ಸಹಜವೇ ಎಂದು ಅವನು ಬೇಸರಪಟ್ಟುಕೊಂಡಿರಲಿಲ್ಲ. ಪತ್ರಿಕೆಗೆ ಸೇರುವ ಮುಂಚೆ ಕೆಲವು ವರ್ಷ ಶಾಲೆಯಲ್ಲಿ ವ್ಯಾಕರಣ ಕಲಿಸಿದವನು ಅವನು. ಸಂಧಿಯಲ್ಲಿ ಅಕ್ಷರ ಬಿದ್ದುಹೋಗುವುದು, ಸಮಾಸದಲ್ಲಿ ಪ್ರತ್ಯಯ ಬಿದ್ದುಹೋಗುವುದು, ಮಾತಿನ ಭರದಲ್ಲಿ ಕರ್ತೃವೇ ಬಿದ್ದುಹೋಗುವುದು, ಇದೆಲ್ಲ ಭಾಷೆಯ ಆರೋಗ್ಯದ ಲಕ್ಷಣ ಎಂದು ನಂಬಿದವನು. ಮಕ್ಕಳು ‘ಲೋಪ ಅಂದ್ರೆ ತಪ್ಪಲ್ವಾ ಸಾರ್?’ ಎಂದು ಕೇಳಿದಾಗ ‘ಜನರು ಮಾಡಿದ್ರೆ ತಪ್ಪು, ಅಕ್ಷರ ಮಾಡಿದ್ರೆ ಸಂಧಿ’ ಎಂದು ನಗಿಸಿದವನು. ಈಗ ಆ ನಗು ಮುಖದ ಮೇಲೆ ಬರುತ್ತಿರಲಿಲ್ಲ, ಯಾಕೆಂದರೆ ಹೋದ ವಾರ ಅವನು ತನ್ನ ಹೆಂಡತಿಯ ಮಾತನ್ನು ಕತ್ತರಿಸಿಬಿಟ್ಟಿದ್ದ. ಬಾಯಿಮಾತಿಗೆ ಹೇಳುವ ಹಾಗಲ್ಲ, ನಿಜವಾಗಿಯೇ, ಕೆಂಪು ಶಾಯಿಯಲ್ಲಿ.

ಹೆಂಡತಿ ರೈಲು ನಿಲ್ದಾಣದಲ್ಲಿ ಪ್ರಕಟಣೆ ಓದುವವಳು. ಗಾಡಿ ಯಾವುದು, ಎಲ್ಲಿಂದ, ಎಲ್ಲಿಗೆ, ಯಾವ ಪ್ಲಾಟ್‌ಫಾರ್ಮು, ಎಷ್ಟು ತಡ, ಎಲ್ಲವನ್ನೂ ಮೈಕಿನ ಮುಂದೆ ಕೂತು ಹೇಳುವುದು ಅವಳ ಕೆಲಸ. ಸುದ್ದಿ ಸಂಪಾದಕರು ಅವನನ್ನು ಕರೆದು, “ಸ್ಟೇಷನ್ನಿನವರು ಒಂದು ಸಹಾಯ ಕೇಳಿದಾರೆ ರೀ. ಅವರ ಅನೌನ್ಸ್‌ಮೆಂಟ್ ತೀರಾ ಉದ್ದವಂತೆ, ಒಂದು ಗಾಡಿ ವಿಷಯ ಹೇಳಿ ಮುಗಿಸೋಷ್ಟರಲ್ಲಿ ಇನ್ನೊಂದು ಬಂದು ನಿಂತಿರುತ್ತಂತೆ. ನಿಮ್ಮ ಕೈಗೆ ಸಿಕ್ರೆ ನೆಟ್ಟಗಾಗುತ್ತೆ” ಎಂದು ಹಾಳೆಗಳನ್ನು ಮುಂದಿಟ್ಟಾಗ, ‘ಇದನ್ನ ಓದೋಳು ನನ್ನ ಹೆಂಡತಿ ಸಾರ್’ ಎನ್ನಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಬಾಯಿಂದ ಬಂದದ್ದು ‘ಹೂಂ’. ಕೂತ ಮೇಲೆ ಕೈ ತಡೆಯಲಿಲ್ಲ. ‘ಪ್ರಯಾಣಿಕರ ಗಮನಕ್ಕೆ’ ಹೋಯಿತು. ನಿಲ್ದಾಣದಲ್ಲಿ ಪ್ರಯಾಣಿಕರಲ್ಲದೆ ಇನ್ಯಾರ ಗಮನ? ‘ದಯವಿಟ್ಟು’ ಹೋಯಿತು. ‘ಅನಿವಾರ್ಯ ಕಾರಣಗಳಿಂದ’ ಹೋಯಿತು. ಕಾರಣ ಹೇಳದಿದ್ದ ಮೇಲೆ ಅದು ಅನಿವಾರ್ಯವಾದರೇನು, ಅಲ್ಲದಿದ್ದರೇನು. ‘ವಿಷಾದಿಸುತ್ತೇವೆ’ ಎಂಬಲ್ಲಿ ಒಂದು ಗಳಿಗೆ ಪೆನ್ನು ನಿಂತಿತು. ಆಮೇಲೆ ವಿಷಾದವೂ ಹೋಯಿತು. ಕೊನೆಕೊನೆಗೆ ಆಟದ ಹುಮ್ಮಸ್ಸಿನಲ್ಲಿ ವಿಭಕ್ತಿ ಪ್ರತ್ಯಯಗಳಿಗೂ ಕೈ ಹಾಕಿದ. ಮುಗಿಸಿ ನೋಡಿದರೆ ಪುಟಗಟ್ಟಲೆ ಇದ್ದದ್ದು ಅಂಗೈಯಗಲಕ್ಕೆ ಬಂದಿತ್ತು. ಎಷ್ಟು ಚೆನ್ನಾಗಿದೆ ಎನ್ನಿಸಿದ ಮರುಕ್ಷಣವೇ ಇವು ಯಾರ ಬಾಯಲ್ಲಿ ಬರಬೇಕಾದ ಮಾತು ಎಂಬುದು ನೆನಪಾಗಿ, ಹಾಳೆಯನ್ನು ಬೋರಲು ಮಗುಚಿಟ್ಟ. ಅಂದಿನಿಂದ ಈ ವಿಷಯ ಮನಸ್ಸಿಗೆ ಬಂದಾಗಲೆಲ್ಲ ಅದು ‘ವಾಕ್ಯಗಳನ್ನು ಸಂಕ್ಷೇಪಿಸಲಾಯಿತು’ ಎಂದೇ ಬರುತ್ತಿತ್ತು. ಕರ್ಮಣಿ ಪ್ರಯೋಗದ ಸೊಗಸೇ ಅದು: ಕೆಲಸ ಆಗಿರುತ್ತದೆ, ಮಾಡಿದವನು ಮನೆಯಲ್ಲಿರುವುದಿಲ್ಲ.

ಇವತ್ತಿನಿಂದ ಹೊಸ ಪ್ರಕಟಣೆಗಳು ಜಾರಿಗೆ. ಅವಳಿಗೆ ಇದು ಗೊತ್ತೇ, ಗೊತ್ತಿದ್ದರೆ ಮಾಡಿದವನು ಯಾರೆಂದು ಗೊತ್ತೇ, ಅದಕ್ಕೇ ಈಚೆಗೆ ಮಾತು ಇಷ್ಟು ಕಮ್ಮಿಯೇ ಎಂದೆಲ್ಲ ಯೋಚಿಸುತ್ತ ಅವನು ಲೋಟ ತೊಳೆಯುತ್ತಿದ್ದಾಗ, ಅವಳು ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತ “ರೀ” ಎಂದಳು. ಈ ‘ರೀ’ಯನ್ನೂ ಅವನು ಹಿಂದೆಂದೋ ಬಿಚ್ಚಿ ನೋಡಿದ್ದ. ಬನ್ನಿರಿ, ಕೂತುಕೊಳ್ಳಿರಿ ಎಂದು ಕ್ರಿಯಾಪದದ ಬಾಲಕ್ಕೆ ಅಂಟಿಕೊಂಡಿರಬೇಕಾದ ಪ್ರತ್ಯಯ ಕಳಚಿಕೊಂಡು ಬಂದು ಗಂಡನ ಹೆಸರಾಗಿ ಕೂತಿರಬೇಕು. ತನ್ನದೊಂದು ಸ್ವಂತ ಹೆಸರಿಲ್ಲದೆ ಬರೀ ಬಾಲದ ಮೇಲೆ ಸಂಸಾರ ನಡೆಯುತ್ತಿದೆ. “ಬರ್ತೀನಿ” ಎಂದಳು. ‘ಹೋಗಿ ಬರ್ತೀನಿ’ಯಲ್ಲಿ ಹೋಗುವುದನ್ನು ಬಿಟ್ಟು ಬರುವುದನ್ನಷ್ಟೇ ಹೇಳುವುದು ಎಂಥ ಒಳ್ಳೆಯ ಲೋಪ ಎಂದು ಅವನು ತರಗತಿಯಲ್ಲಿ ಹೇಳುತ್ತಿದ್ದ. ಇವತ್ತು ಅವಳ ದನಿ ಎಷ್ಟು ಸಣ್ಣಗಿತ್ತೆಂದರೆ ಆ ‘ಬರ್ತೀನಿ’ಯಲ್ಲಿ ಹೋಗುವುದೇ ಹೆಚ್ಚು ಕೇಳಿಸಿತು. ಸೆಖೆಯ ದಿನವಾದರೂ ಕತ್ತಿಗೆ ಉಣ್ಣೆಯ ಬಟ್ಟೆ ಸುತ್ತಿಕೊಂಡಿದ್ದಳು. ಏನಾದರೂ ಕೇಳಬೇಕು ಅನ್ನಿಸಿತು. “ಹೂಂ” ಎಂದ.

ಕಚೇರಿಯಲ್ಲಿ ಕೂತರೂ ಕೆಲಸ ಓಡಲಿಲ್ಲ. ನೀರಿನ ತೆರಿಗೆಯ ಸುದ್ದಿಗೆ ಶೀರ್ಷಿಕೆ ಕೊಡಲು ಹೋಗಿ ‘ನೀರು ದುಬಾರಿ’ ಎಂದು ಬರೆದ. ಅದು ಸಾಕಿತ್ತು, ಬೇರೆ ದಿನವಾಗಿದ್ದರೆ ಸಾಕೆಂದು ಕೈ ತೊಳೆದುಕೊಳ್ಳುತ್ತಿದ್ದ. ಇವತ್ತು ಯಾರಿಗೆ, ಯಾವಾಗಿನಿಂದ, ಯಾರ ತೀರ್ಮಾನ ಎಂದು ಒಂದೊಂದೇ ಪದ ಸೇರಿಸುತ್ತ ಹೋಗಿ ಶೀರ್ಷಿಕೆ ವರದಿಗಿಂತ ಉದ್ದವಾಯಿತು. ಪಕ್ಕದ ಮೇಜಿನ ಕ್ರೀಡಾ ವಿಭಾಗದವನು ಇಣುಕಿ ನೋಡಿ, “ಕತ್ತರಿ ಸಾರ್, ಮೈ ಹುಷಾರಿಲ್ವಾ?” ಎಂದ. ಹುಷಾರಿಲ್ಲ ಎಂದೇ ಹೇಳಿ ಎದ್ದುಬಿಟ್ಟ. ಎಲ್ಲಿಗೆ ಹೋಗುತ್ತಿದ್ದೇನೆಂದು ಕಾಲಿಗೆ ಗೊತ್ತಿತ್ತು. ಬಹಳ ಹಿಂದೆ ಇದೇ ದಾರಿಯಲ್ಲಿ ಪೆಟ್ಟಿಗೆ ಹಿಡಿದು, ಬೇರೆ ಊರಿನ ಶಾಲೆಯ ಕೆಲಸಕ್ಕೆ ಸೇರಲು ಹೊರಟಿದ್ದ. ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದಾಗ ಮೇಲಿನ ಕಹಳೆಯಂಥ ಸ್ಪೀಕರಿನಿಂದ ಒಂದು ವಾಕ್ಯ ಇಳಿದುಬಂತು. ಎಷ್ಟು ಉದ್ದ! ಅಷ್ಟು ಉದ್ದವಿದ್ದರೂ ಎಲ್ಲಿಯೂ ತೊಡರಿಲ್ಲ. ಒಂದೊಂದು ಪ್ರತ್ಯಯವೂ ಇಸ್ತ್ರಿ ಮಾಡಿದ ಅಂಗಿಯ ಗುಂಡಿಯ ಹಾಗೆ ತನ್ನ ತನ್ನ ಜಾಗದಲ್ಲಿ. ಅದರೊಳಗೊಂದು ಉಪವಾಕ್ಯ, ಅದರ ಮಡಿಲಲ್ಲಿ ಇನ್ನೊಂದು. ಬಾಯಿ ತೆರೆದು ಕೇಳುತ್ತ ನಿಂತವನ ಮುಂದೆ ಅವನ ಗಾಡಿಯೇ ಹೊರಟುಹೋಯಿತು. ಜಗಳವಾಡಲೆಂದು ವಿಚಾರಣೆಯ ಕಿಟಕಿಗೆ ಹೋದರೆ ಒಳಗೆ ಆ ದನಿ ಕೂತಿತ್ತು. “ನಾನು ಹೇಳಿದ್ದು ಕೇಳಿಸ್ಲಿಲ್ವಾ ನಿಮಗೆ?” ಎಂದಳು. “ಕೇಳಿಸ್ತು. ಕೇಳಿಸಿದ್ರಿಂದಾನೇ ತಪ್ಪಿಹೋಯ್ತು” ಎಂದ. ಅವಳು ಮೈಕು ಮುಚ್ಚಿಕೊಂಡು ನಕ್ಕದ್ದು ಅರ್ಧ ಮಾತ್ರ ಮುಚ್ಚಿಕೊಂಡಿದ್ದರಿಂದ ಇಡೀ ನಿಲ್ದಾಣಕ್ಕೆ ಕೇಳಿಸಿತ್ತು.

ನಿಲ್ದಾಣ ಹಾಗೆಯೇ ಇತ್ತು. ಕಬ್ಬಿಣದ ಮೇಲ್ಸೇತುವೆ, ತೂಕದ ಯಂತ್ರ, ಕೆಟ್ಟು ನಿಂತ ಸೂಚನಾ ಫಲಕ, ಸ್ಪೀಕರಿನ ಮೇಲೊಂದು ಪಾರಿವಾಳ. ಮೇಲ್ಸೇತುವೆಯ ಆಚೆ ಬದಿಗೆ, ಮಹಡಿಯ ಮೇಲೆ, ಈಗ ಅಲ್ಲಿಗೆ ಹೋಗಿರುವ ಪ್ರಕಟಣೆಯ ಕೊಠಡಿಯ ಗಾಜಿನ ಕಿಟಕಿ. ಅವನು ಕಿಟಕಿಗೆ ಕಾಣದ ಹಾಗೆ ಕಂಬದ ಮರೆಯ ಬೆಂಚು ಆರಿಸಿ ಕೂತ. ಬೇರೆಯವರ ಹೆಂಡತಿಯನ್ನು ಕದ್ದು ನೋಡುವವನ ಹಾಗೆ ತನ್ನ ಹೆಂಡತಿಯ ಮಾತನ್ನು ಕದ್ದು ಕೇಳಲು ಕೂತಿದ್ದೇನಲ್ಲ ಎಂದು ನಾಚಿಕೆಯಾಯಿತು, ಒಳಗೊಳಗೇ ಸ್ವಲ್ಪ ಖುಷಿಯೂ ಆಯಿತು. ಸ್ಪೀಕರು ಗೊರಗುಟ್ಟಿತು. “ಬಂದರು. ಮೂರು, ನಾಲ್ಕು ತಡ.” ಅಷ್ಟೇ. ಪಾರಿವಾಳ ಹಾರಲು ರೆಕ್ಕೆ ಬಿಚ್ಚಿದ್ದು, ಇಷ್ಟಕ್ಕೇ ಮುಗಿಯಿತೇ ಎಂಬಂತೆ ಮತ್ತೆ ಮಡಚಿಕೊಂಡಿತು. ಅದು ಅವನದೇ ಕೈಕೆಲಸ. ಬಂದರಿಗೆ ಹೋಗುವ ಗಾಡಿಯು ಮೂರನೆಯ ಪ್ಲಾಟ್‌ಫಾರ್ಮಿನ ಬದಲಿಗೆ ನಾಲ್ಕನೆಯ ಪ್ಲಾಟ್‌ಫಾರ್ಮಿನಿಂದ ಸ್ವಲ್ಪ ತಡವಾಗಿ ಹೊರಡಲಿದೆ ಎಂಬುದರ ಸಾರ. ಹಾಳೆಯ ಮೇಲೆ ಎಷ್ಟು ಚೊಕ್ಕವಾಗಿ ಕಂಡಿತ್ತು. ಕಿವಿಗೆ ಅದು ಬಾಗಿಲು ಬಡಿದ ಹಾಗೆ ಕೇಳಿಸಿತು. ಅವಳ ದನಿಯೂ ಎಂದಿನದಲ್ಲ, ಒರಟು, ಚಪ್ಪಟೆ. ಸಿಟ್ಟು ಬಂದಿದೆ ಎಂದುಕೊಂಡ. ಖಂಡಿತ ಗೊತ್ತಾಗಿದೆ.

“ಏನಪ್ಪಾ, ಯಾರೋ ಬಂದರಂತಲ್ಲ, ಯಾರು?” ಎಂದಿತು ಪಕ್ಕದಿಂದ ಒಂದು ದನಿ. ಚೌಕಳಿ ಕೋಟು ತೊಟ್ಟ ಅಜ್ಜಿಯೊಬ್ಬಳು ತನ್ನಷ್ಟೇ ಎತ್ತರದ ಪೆಟ್ಟಿಗೆಯನ್ನು ಮಂಡಿಗೆ ಒರಗಿಸಿಕೊಂಡು ಕೂತಿದ್ದಳು.

“ಯಾರೂ ಬಂದಿಲ್ಲ ಅಮ್ಮಾ. ಬಂದರು ಅಂದ್ರೆ ಊರು. ಬಂದರಿಗೆ ಹೋಗೋ ಗಾಡಿ.”

“ಅಯ್ಯೋ, ನಾವೂ ಅದಕ್ಕೇ ಹೋಗೋದು. ಮೂರು ನಾಲ್ಕು ಗಂಟೆ ತಡ ಅಂತ ಬೆಳಗಿಂದ ಒಂದೇ ಸಮ ಹೇಳ್ತಿದಾರೆ. ನಮ್ಮ ಯಜಮಾನ್ರು, ಹಾಗಾದ್ರೆ ಕ್ಷೌರ ಮಾಡಿಸ್ಕೊಂಡು ಬರ್ತೀನಿ ಅಂತ ಈಗ ತಾನೇ ಹೋದ್ರು. ನನ್ನ ತಮ್ಮ ಇವತ್ತು ಹಡಗಿಂದ ಇಳೀತಾನೆ, ನೋಡಿ ಎಷ್ಟೋ ವರ್ಷ ಆಯ್ತು. ಭಾವ ಗಡ್ಡ ಬಿಟ್ಕೊಂಡು ಎದುರಿಗೆ ನಿಂತ್ರೆ ಅವನಿಗೆ ಗುರುತಾದ್ರೂ ಸಿಗಬೇಡ್ವಾ?”

ಅವನು ಥಟ್ಟನೆ ಎದ್ದ. “ಗಂಟೆ ಅಲ್ಲ ಅಮ್ಮಾ! ಮೂರು, ನಾಲ್ಕು ಅಂದ್ರೆ ಪ್ಲಾಟ್‌ಫಾರ್ಮು. ಮೂರರ ಬದಲು ನಾಲ್ಕು.”

“ಹಾಗಂತ ಹೇಳ್ಲಿಲ್ವಲ್ಲ?”

“ಹೇಳಿಲ್ಲ. ಅದನ್ನ ಅಧ್ಯಾಹಾರ ಮಾಡ್ಕೋಬೇಕು” ಎಂದ, ತಡವರಿಸುತ್ತ. ವಾಕ್ಯದಲ್ಲಿ ಬಿಟ್ಟುಹೋದದ್ದನ್ನು ಕೇಳುವವರು ತಾವೇ ತುಂಬಿಕೊಳ್ಳುವುದು ಎಂದು ವಿವರಿಸುವಷ್ಟು ವ್ಯವಧಾನ ಇರಲಿಲ್ಲ.

“ಆಹಾರ ಆಮೇಲೆ ಮಾಡಿದ್ರಾಯ್ತಪ್ಪಾ, ಗಾಡಿ ಎಷ್ಟೊತ್ತಿಗೆ ಅದು ಹೇಳು.”

ಗಾಡಿ ನಾಲ್ಕರಲ್ಲಿ ಬಂದು ನಿಂತೇ ಇತ್ತು. ಈ ಕಡೆ ಮೂರರ ಸುತ್ತಮುತ್ತ ಜನ ನಿಶ್ಚಿಂತೆಯಿಂದ ಕೂತಿದ್ದರು. ಒಬ್ಬ ಬೂಟು ಬಿಚ್ಚಿ ಮಲಗಿದ್ದ. ಇಬ್ಬರು, ಬಂದ ಮೂವರು ಯಾರಿರಬಹುದೆಂದು ಚರ್ಚೆ ಮಾಡುತ್ತಿದ್ದರು. ಅವನು ಬೆಂಚಿನ ಮೇಲೆ ಹತ್ತಿ, ಜನ್ಮದಲ್ಲಿ ಮೊದಲ ಸಲ ಸಾರ್ವಜನಿಕವಾಗಿ ಗಂಟಲು ಬಿಚ್ಚಿ, “ಬಂದರಿಗೆ ಹೋಗೋರೆಲ್ಲ ನಾಲ್ಕಕ್ಕೆ! ನಾಲ್ಕಕ್ಕೆ ಅಂದ್ರೆ ಗಂಟೆಗಲ್ಲ, ನಾಲ್ಕನೇ ಪ್ಲಾಟ್‌ಫಾರ್ಮಿಗೆ!” ಎಂದು ಕೂಗಿದ. ಮಲಗಿದ್ದವನು ಒಂದೇ ಬೂಟಿನಲ್ಲಿ ಓಡಿದ. ಅಜ್ಜಿಯನ್ನೂ ಪೆಟ್ಟಿಗೆಯನ್ನೂ ಮೇಲ್ಸೇತುವೆ ಹತ್ತಿಸಿ ಇಳಿಸಿ ಬೋಗಿಯೊಳಗೆ ಕೂರಿಸುವ ಹೊತ್ತಿಗೆ ಅವನ ಅಂಗಿ ಬೆನ್ನಿಗೆ ಅಂಟಿತ್ತು. “ಅವರಿಲ್ಲದೆ ನಾನು ಹೋಗಲ್ಲ” ಎಂದು ಅಜ್ಜಿ ಎದ್ದಳು. “ಕೂತ್ಕೊಳ್ಳಿ, ಕರ್ಕೊಂಡು ಬರ್ತೀನಿ” ಎಂದವನು ಮತ್ತೆ ಮೇಲ್ಸೇತುವೆ ಹತ್ತಿ, ರಸ್ತೆ ದಾಟಿ, ಕ್ಷೌರದಂಗಡಿಯ ಬಾಗಿಲು ತಳ್ಳಿದ. ಅಜ್ಜ ಕುರ್ಚಿಯಲ್ಲಿ ಬಿಳಿ ಬಟ್ಟೆ ಹೊದ್ದು ಕಣ್ಣು ಮುಚ್ಚಿ ಸುಖವಾಗಿದ್ದ. ಒಂದು ಕೆನ್ನೆ ನುಣ್ಣಗೆ, ಇನ್ನೊಂದರ ಮೇಲೆ ನೊರೆ.

“ನಿಮ್ಮ ಗಾಡಿ ಹೊರಡ್ತಾ ಇದೆ, ಏಳಿ!”

“ಇನ್ನೂ ಮೂರ್ನಾಲ್ಕು ಗಂಟೆ ಇದೆಯಲ್ಲಪ್ಪಾ. ಕೂತ್ಕೋ. ನಿಂಗೂ ಗಡ್ಡ ಬೆಳೆದಿದೆ.”

ಕ್ಷೌರಿಕ ಕತ್ತಿ ಎತ್ತಿ ಹಿಡಿದು ಸಾಕ್ಷಿ ನುಡಿದ. “ಹೌದು ಸಾರ್, ನಾನೂ ಕೇಳಿಸ್ಕೊಂಡೆ. ಮೂರು ನಾಲ್ಕು ತಡ. ಇವತ್ತಿಂದ ಯಾರೋ ಬುದ್ಧಿವಂತರು ಎಲ್ಲಾ ಚಿಕ್ಕದು ಮಾಡಿದಾರೆ, ಬಹಳ ಚೆನ್ನಾಗಿದೆ. ಮೊದಲೆಲ್ಲ ಒಂದು ಗಡ್ಡ ಮುಗಿದ್ರೂ ಆಯಮ್ಮನ ಮಾತು ಮುಗೀತಿರ್ಲಿಲ್ಲ.”

“ಅದು ಗಂಟೆ ಅಲ್ಲ ಮಾರಾಯ!”

“ನಿಮಗೆ ಹೇಗೆ ಗೊತ್ತು?”

“ಯಾಕಂದ್ರೆ ಅದನ್ನ ಬರೆದೋನು ನಾನು! ನಾನೇ ಕತ್ತರಿಸಿದ್ದು!” ಎಂದುಬಿಟ್ಟ. ಕನ್ನಡಿಯಲ್ಲಿ ಮೂರು ಮುಖಗಳೂ ಸ್ತಬ್ಧವಾದವು. ಒಂದು ವಾರದಿಂದ ಕರ್ಮಣಿಯಲ್ಲಿ ಅಡಗಿಕೊಂಡಿದ್ದವನು ಇಲ್ಲಿ, ಸಾಬೂನಿನ ವಾಸನೆಯ ನಡುವೆ, ಗುರುತಿಲ್ಲದ ಇಬ್ಬರ ಮುಂದೆ ಕರ್ತರಿ ಪ್ರಯೋಗಕ್ಕೆ ಬಂದು ನಿಂತಿದ್ದ. ಕತ್ತರಿ ಎಂದು ಹೆಸರಿಟ್ಟವರಿಗೆ ಆ ಪದದ ಸಂಸ್ಕೃತ ರೂಪವೂ ಕರ್ತರಿಯೇ ಎಂದು ತಿಳಿದಿರಲಿಲ್ಲ. ಅವನಿಗೆ ತಿಳಿದಿತ್ತು, ಇಷ್ಟು ದಿನ ನೆನಪಾಗಿರಲಿಲ್ಲ. ಕ್ಷೌರಿಕ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಹಾಗಾದ್ರೆ ನನ್ನ ಅರ್ಧ ಕೂಲಿ ಯಾರು ಕೊಡೋದು?” ಎಂದ. ಅವನು ಜೇಬಿನಲ್ಲಿ ಸಿಕ್ಕದ್ದನ್ನು ಕನ್ನಡಿಯ ಮುಂದಿಟ್ಟು, ಅಜ್ಜನ ಕೈ ಹಿಡಿದು ಎಳೆದ.

ಮೇಲ್ಸೇತುವೆಯ ನಡುವೆ ಬರುವಷ್ಟರಲ್ಲಿ ಕೆಳಗೆ ಗಾರ್ಡು ಸೀಟಿ ಊದಿ ಹಸಿರು ಬಾವುಟ ಬಿಚ್ಚುತ್ತಿದ್ದ. ಅಜ್ಜ ಏದುಸಿರು ಬಿಡುತ್ತ ಕಂಬಿ ಹಿಡಿದು ನಿಂತುಬಿಟ್ಟ. ಕತ್ತಿನ ಬಿಳಿ ಬಟ್ಟೆ ಗಾಳಿಗೆ ಪಟಪಟ ಬಡಿಯಿತು. “ಬಿಡಪ್ಪಾ, ಹೋಗ್ಲಿ” ಎಂದ. ಬೋಗಿಯ ಬಾಗಿಲಲ್ಲಿ ಚೌಕಳಿ ಕೋಟು ಕೈಬೀಸಿ ಕೂಗುತ್ತಿತ್ತು. ಎದುರಿಗೆ, ಗಾಜಿನ ಕಿಟಕಿಯ ಹಿಂದೆ, ಅವನ ಹೆಂಡತಿ ಎದ್ದು ನಿಂತಿದ್ದಳು. ಕಣ್ಣಿಗೆ ಕಣ್ಣು ಸಿಕ್ಕಿತು. ಕದ್ದು ಕೇಳಲು ಬಂದವನು ಊರಿಗೆಲ್ಲ ಕಾಣುವ ಎತ್ತರದಲ್ಲಿ, ಅರ್ಧ ನೊರೆಯ ಮುದುಕನ ಕೈ ಹಿಡಿದುಕೊಂಡು ನಿಂತಿದ್ದ. ಅವಳು ಕೂತಳು. ಸ್ಪೀಕರು ಗೊರಗುಟ್ಟಿತು.

“ನಾಲ್ಕನೆಯ ಪ್ಲಾಟ್‌ಫಾರ್ಮಿನಲ್ಲಿ ಹೊರಡಲು ಸಿದ್ಧವಾಗಿ ನಿಂತಿರುವ ಬಂದರಿನ ಗಾಡಿಯ ಗಾರ್ಡ್ ಅವರ ಗಮನಕ್ಕೆ. ಮೇಲ್ಸೇತುವೆಯ ಮೇಲೆ, ಅರ್ಧ ಗಡ್ಡ ಬೋಳಿಸಿಕೊಂಡು, ಇನ್ನರ್ಧವನ್ನು ಹಾಗೆಯೇ ಬಿಟ್ಟು, ಈ ಗಾಡಿಯನ್ನೇ ಹಿಡಿಯುವ ಸಲುವಾಗಿ ತಮ್ಮ ವಯಸ್ಸಿಗೆ ಮೀರಿ ಓಡಿ ಬರುತ್ತಿರುವ ಹಿರಿಯರೂ, ಅವರನ್ನು ಕೈಹಿಡಿದು ಕರೆತರುತ್ತಿರುವ ನನ್ನ ಯಜಮಾನರೂ ಮೆಟ್ಟಿಲಿಳಿದು ಬಂದು ತಲುಪುವವರೆಗೆ, ದಯವಿಟ್ಟು, ಗಾಡಿಯನ್ನು ಬಿಡಬಾರದೆಂದು ತಮ್ಮಲ್ಲಿ ವಿನಂ...”

ಅಲ್ಲಿಗೆ ದನಿ ಹರಿಯಿತು. ಮುಂದೆ ಸ್ಪೀಕರಿನಲ್ಲಿ ಬಂದದ್ದು ಬರೀ ಗಾಳಿ. ಆದರೆ ಗಾರ್ಡು ಬಾವುಟ ಸುತ್ತಿಕೊಂಡು, ಸೊಂಟದ ಮೇಲೆ ಕೈಯಿಟ್ಟು, ತಲೆಯೆತ್ತಿ ನೋಡುತ್ತ ನಿಂತಿದ್ದ. ಇಡೀ ಪ್ಲಾಟ್‌ಫಾರ್ಮು ತಲೆಯೆತ್ತಿ ನೋಡುತ್ತಿತ್ತು. ಯಾರೋ ಚಪ್ಪಾಳೆ ತಟ್ಟಿದರು. ಅಜ್ಜಿ ಬಾಗಿಲಲ್ಲೇ ಗಂಡನ ಕೆನ್ನೆಯ ನೊರೆಯನ್ನು ಕೋಟಿನ ತೋಳಿನಿಂದ ಒರೆಸಿ, “ಇದೇನ್ರೀ ಅವತಾರ” ಎಂದಳು. “ಸುಮ್ನಿರೇ. ನಿನ್ನ ತಮ್ಮನಿಗೆ ಈ ಪಕ್ಕ ತೋರಿಸ್ಕೊಂಡು ನಿಂತ್ಕೋತೀನಿ” ಎಂದ ಅಜ್ಜ. ಗಾಡಿ ಹೊರಟಿತು. ಅವನು ಕೈಬೀಸಲಿಲ್ಲ. ಅವನ ಕಿವಿಯಲ್ಲಿ ಆ ಅರ್ಧಕ್ಕೆ ನಿಂತ ‘ವಿನಂ’ ಇತ್ತು.

ಕೊಠಡಿಯಲ್ಲಿ ಅವಳು ಮೈಕಿಗೆ ಬೆನ್ನು ಮಾಡಿ, ಕತ್ತಿನ ಬಟ್ಟೆಯ ಮೇಲೆ ಅಂಗೈಯಿಟ್ಟುಕೊಂಡು ಕೂತಿದ್ದಳು. ಸ್ಟೇಷನ್ ಮಾಸ್ಟರು ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸುತ್ತಿದ್ದವರು ಅವನನ್ನು ಕಂಡು, “ಓಹೋ, ನೀವೇನಾ ಕತ್ತರಿ ಸಾರ್! ಬನ್ನಿ ಬನ್ನಿ. ಸ್ವಲ್ಪ ಜಾಸ್ತಿನೇ ಹರಿತ ಆಯ್ತು ನಿಮ್ದು. ಬೆಳಗಿಂದ ನೂರು ಜನ ಬಂದು, ಯಾರು ಬಂದರು, ಯಾರು ಬಂದರು ಅಂತ ನನ್ನ ತಲೆ ತಿಂದಿದಾರೆ” ಎಂದರು. ಬೈಯುತ್ತಿದ್ದಾರೋ ಹೊಗಳುತ್ತಿದ್ದಾರೋ ಗೊತ್ತಾಗಲಿಲ್ಲ. “ನಿಮಗೆ ನಾನು ಅಂತ...” ಎಂದು ಅವನು ತಡವರಿಸಿದ. “ಗೊತ್ತಿಲ್ದೆ ಏನು? ಮೇಡಮ್ಮೇ ತಾನೇ ಹೇಳಿದ್ದು. ಡಾಕ್ಟರು ಮಾತು ಕಮ್ಮಿ ಮಾಡು ಅಂದಿದಾರೆ, ಪ್ರಕಟಣೆ ಚಿಕ್ಕದು ಮಾಡಿಸ್ಕೊಡಿ, ಪತ್ರಿಕೆಗೆ ಕಳಿಸಿದ್ರೆ ನಮ್ಮನೆಯವರೇ ಚೆನ್ನಾಗಿ ಮಾಡ್ತಾರೆ ಅಂತ.”

ಅವನು ಅವಳ ಕಡೆ ತಿರುಗಿದ. ಅವಳು ನೆಲ ನೋಡುತ್ತಿದ್ದಳು. ಸ್ಟೇಷನ್ ಮಾಸ್ಟರು ಅನುಭವಸ್ಥರು. ಎಲ್ಲೋ ಸಿಗ್ನಲ್ ನೋಡಬೇಕೆಂದು ಹೊರಗೆ ಹೋದರು.

“ಒಂದು ವಾರ ಕಾದೆ” ಎಂದಳು. ದನಿ ಎಂಬುದಿರಲಿಲ್ಲ, ತುಟಿಯ ಆಕಾರಕ್ಕೆ ಗಾಳಿ ತುಂಬಿದ ಹಾಗಿತ್ತು. “ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ. ನಿನ್ನ ವಾಕ್ಯ ನೋಡ್ದೆ ಕಣೇ, ಹೀಗಿತ್ತು, ಹಾಗಿತ್ತು ಅಂತ. ನೀವು ಏನೂ ಹೇಳ್ಲಿಲ್ಲ.”

“ನೀನೂ ಹೇಳ್ಲಿಲ್ವಲ್ಲ. ಡಾಕ್ಟರ ಹತ್ರ ಹೋಗಿದ್ದು?”

“ಹೇಳೋಕೂ ಗಂಟಲು ಬೇಕಲ್ರೀ” ಎಂದು ನಕ್ಕಳು. ನಗು ಅರ್ಧದಲ್ಲಿ ಕೆಮ್ಮಾಯಿತು, ಕೆಮ್ಮು ನಿಂತಾಗ ಕಣ್ಣಲ್ಲಿ ನೀರಿತ್ತು. ಗಂಟಲಲ್ಲಿ ಒಂದು ಸಣ್ಣ ಗಂಟು. ಕೆಟ್ಟದ್ದಲ್ಲವಂತೆ, ತೆಗೆಯಬೇಕಂತೆ, ಸೋಮವಾರ. ಆಮೇಲೆ ಕೆಲವು ವಾರ ಪಿಸುಮಾತೂ ಆಡಬಾರದಂತೆ. ಇಷ್ಟನ್ನು ಅವಳು ತುಂಡು ತುಂಡಾಗಿ ಹೇಳಿದಳು. ಮನೆಯಲ್ಲಿ ಈ ಕೆಲವು ವಾರ ಹಾಕ್ಲಾ, ಬರ್ತೀನಿ, ಹೂಂ ಎಂದು ಬದುಕಿದ್ದು ಉಳಿದ ದನಿಯನ್ನು ಕೆಲಸಕ್ಕೆಂದು ಎತ್ತಿಟ್ಟುಕೊಳ್ಳುವುದಕ್ಕೆ. ಅವನಿಗೋ ಅದು ಸಿಟ್ಟಾಗಿ, ತಾತ್ಸಾರವಾಗಿ, ಮದುವೆ ಹಳತಾದ ಲಕ್ಷಣವಾಗಿ ಕಂಡಿತ್ತು. ಅವಳು ಬಿಟ್ಟ ಜಾಗದಲ್ಲೆಲ್ಲ ಅವನು ತನಗೆ ತೋಚಿದ ಪದ ತುಂಬಿಕೊಂಡು ಕೂತಿದ್ದ.

“ಮೊದಲಿನ ಹಾಗೆ ಬರುತ್ತೋ ಇಲ್ವೋ ಡಾಕ್ಟರಿಗೂ ಗೊತ್ತಿಲ್ಲ” ಎಂದಳು. “ನೀವು ಮದುವೆ ಆಗಿದ್ದೇ ಆ ದನಿ ಕೇಳಿ, ಗಾಡಿ ತಪ್ಪಿಸ್ಕೊಂಡು. ಅದೇ ಹೋದ್ರೆ...”

ಅಲ್ಲಿಗೆ ನಿಲ್ಲಿಸಿದಳು. ಗಂಟಲು ನಿಲ್ಲಿಸಿತೋ ಅವಳೇ ನಿಲ್ಲಿಸಿದಳೋ ತಿಳಿಯಲಿಲ್ಲ. ಸ್ವರದ ಮುಂದೆ ಸ್ವರ ಬಂದಾಗ ಮೊದಲಿನದು ಬಿದ್ದುಹೋಗುತ್ತದೆ ಎಂದು ಅವನು ಮಕ್ಕಳಿಗೆ ಪಾಠ ಹೇಳುತ್ತಿದ್ದ. ಅರ್ಥ ಕೆಡುವುದಿಲ್ಲವೆಂದಾದರೆ ಮಾತ್ರ, ಎಂಬ ಷರತ್ತೂ ಅದೇ ಸೂತ್ರದೊಳಗಿತ್ತು. ಪರೀಕ್ಷೆಯಲ್ಲಿ ಯಾರೂ ಅದನ್ನು ಬರೆಯುತ್ತಿರಲಿಲ್ಲ, ಅವನೂ ಅದಕ್ಕಾಗಿ ಅಂಕ ಕಳೆಯುತ್ತಿರಲಿಲ್ಲ. ಈಗ ಆ ಷರತ್ತು ಕೊಠಡಿಯ ನಡುವೆ ಬಂದು ನಿಂತಿತ್ತು. ಏನಾದರೂ ಹೇಳಬೇಕಿತ್ತು, ಪೂರ್ತಿಯಾಗಿ, ಎಲ್ಲ ಪ್ರತ್ಯಯಗಳೊಂದಿಗೆ. ಬಾಯಿ ತೆರೆದ. ಅಷ್ಟರಲ್ಲಿ ಸ್ಟೇಷನ್ ಮಾಸ್ಟರು ಕೆಮ್ಮುತ್ತ ಒಳಗೆ ಬಂದು, “ಕ್ಷಮಿಸಿ, ಬಂದರಿನದೇ ಇನ್ನೊಂದು ಗಾಡಿ ಬರೋ ಹೊತ್ತಾಯ್ತು, ಅದೂ ತಡವಾಗಿ ನಾಲ್ಕಕ್ಕೇ. ಏನಾದ್ರೂ ಮಾಡಿ ಸಾರ್, ಮತ್ತೆ ಯಾರೂ ಬರೋದು ಬೇಡ” ಎಂದು ಹಾಳೆ ಮುಂದಿಟ್ಟರು.

ಮೂವರೂ ಮೇಜಿನ ಸುತ್ತ ಕೂತರು. ಬಂದರು ಎಂಬಲ್ಲಿ ‘ಬಂದರಿಗೆ ಹೋಗುವ ಗಾಡಿ’ ಎಂದು ಬರೆದ. ಮೂರಕ್ಕೆ ‘ಬದಲು’ ಕೊಟ್ಟ, ನಾಲ್ಕಕ್ಕೆ ‘ಇಂದ’ ಕೊಟ್ಟ. ಕಳಚಿಹೋಗಿದ್ದ ಪ್ರತ್ಯಯಗಳು ಒಂದೊಂದಾಗಿ ಮನೆಗೆ ಬಂದು ಕೂತವು. ‘ಅನಿವಾರ್ಯ ಕಾರಣಗಳಿಂದ’ ಬೇಡ ಎಂದು ಅವಳೇ ತಲೆಯಾಡಿಸಿದಳು. ‘ದಯವಿಟ್ಟು’ ಒಂದು ಸಲ ಸಾಕು ಎಂದು ಬೆರಳು ತೋರಿಸಿದಳು. ‘ತಡವಾಗಿ’ ಎಂಬುದರ ಹಿಂದೆ ಬೆರಳು ತಂದಿಟ್ಟು ಅವನ ಮುಖ ನೋಡಿದಳು. “ಸ್ವಲ್ಪ?” ಎಂದ. ತಲೆಯಾಡಿಸಿದಳು. ಬರೆದ. “ವಿಷಾದ?” ಎಂದು ಕೇಳಿದ. ಅವಳು, ಅದು ನಿಮ್ಮ ಇಷ್ಟ ಎಂಬಂತೆ ಭುಜ ಹಾರಿಸಿದಳು. ಅವನು ‘ವಿಷಾದಿಸುತ್ತೇವೆ’ ಎಂದು ಬರೆದು, ಬಹುವಚನವನ್ನು ಒಂದು ಗಳಿಗೆ ದಿಟ್ಟಿಸಿ ನೋಡಿ, ಹಾಗೆಯೇ ಇರಲೆಂದು ಬಿಟ್ಟ. ನೆಗಡಿ ಹಿಡಿದಿದ್ದ ಟಿಕೆಟ್ ಗುಮಾಸ್ತರು ಬಂದು ಮೈಕಿನ ಮುಂದೆ ಕೂತು ಓದಿದರು. ಮೂಗಿನಲ್ಲಿ ಬಂದರೂ ಮಾತು ಸರಿಯಾಗಿಯೇ ಬಂತು. ಕೆಳಗೆ ಜನ ಎದ್ದು, ಗಂಟುಮೂಟೆ ಎತ್ತಿಕೊಂಡು, ಯಾರನ್ನೂ ಏನೂ ಕೇಳದೆ ಸರಿಯಾದ ಕಡೆಗೆ ನಡೆದುಹೋದರು.

ಮಧ್ಯಾಹ್ನದ ಬಿಸಿಲಿನಲ್ಲಿ ಇಬ್ಬರೂ ಮನೆಯ ಕಡೆ ಹೊರಟರು. ಅವಳು ಏನೋ ಹೇಳಲು ಬಾಯಿ ತೆರೆದಾಗ ಅವನು ತುಟಿಯ ಮೇಲೆ ಬೆರಳಿಟ್ಟು ಬೇಡವೆಂದ. ಇನ್ನು ಮಾತಾಡಬೇಕಾದವನು ತಾನೊಬ್ಬನೇ ಎಂಬುದು ಆಗ ಅವನ ಅರಿವಿಗೆ ಬಂತು. ಬೇಕರಿಯ ಮೂಲೆ ದಾಟಿದರೂ ಮೊದಲ ಪದ ಸಿಗುತ್ತಿರಲಿಲ್ಲ. ಸಿಕ್ಕವೆಲ್ಲ ಶೀರ್ಷಿಕೆಗಳು: ‘ದನಿ ಹೋದರೂ ಪ್ರೀತಿ ಪಾರು’. ತನಗೇ ಅಸಹ್ಯವಾಯಿತು. ಕೊನೆಗೆ, “ಏನಂದ್ರೆ” ಎಂದ. ಅವಳು ತಿರುಗಿ ನೋಡಿದಳು. “ಏನಂದ್ರೆ, ಅವತ್ತು ನಾನು ಗಾಡಿ ತಪ್ಪಿಸ್ಕೊಂಡು, ಪೆಟ್ಟಿಗೆ ಹಿಡ್ಕೊಂಡು, ನಿನ್ನ ಹತ್ರ ಜಗಳ ಆಡ್ಬೇಕು ಅಂತ ಕಿಟಕಿ ಹತ್ರ ಬಂದು, ನೀನು ಮೈಕು ಅರ್ಧ ಮುಚ್ಕೊಂಡು ನಕ್ಕಿದ್ದು ನೋಡಿ, ಆ ನಗು ಇಡೀ ಸ್ಟೇಷನ್ನಿಗೆ ಕೇಳಿಸಿ, ನೀನು ನಾಚ್ಕೊಂಡು ಕಿಟಕಿ ಬಾಗಿಲು ಹಾಕಿ, ಆಮೇಲೆ ಬಾಗಿಲ ಸಂದಿಯಿಂದ ನಾನು ಹೋದ್ನಾ ಇಲ್ವಾ ಅಂತ ಇಣುಕಿ, ಒಂದು ಮಾತೂ ಆಡ್ದೆ ಒಂದು ಲೋಟ ನೀರು ತಂದು ಆಚೆ ಇಟ್ಟು...”

ನಮ್ಮ ಭಾಷೆಯಲ್ಲಿ ಹೇಳಬೇಕಾದ್ದು ಕೊನೆಗೆ ಬರುತ್ತದೆ. ಬಂದು, ನೋಡಿ, ಕೇಳಿಸಿ, ಇಟ್ಟು ಎಂದು ಎಷ್ಟು ಕ್ರಿಯೆಗಳು ಸಾಲಾಗಿ ನಿಂತರೂ, ಕಡೆಯ ಕ್ರಿಯಾಪದ ಬರುವವರೆಗೆ ಏನಾಯಿತೆಂದು ಕೇಳುವವರಿಗೆ ಗೊತ್ತಾಗುವುದಿಲ್ಲ. ಅಲ್ಲಿಯವರೆಗೆ ಎದ್ದುಹೋಗುವ ಹಾಗೂ ಇಲ್ಲ. ಅವನು ಅಂಚೆ ಕಚೇರಿಯ ಮುಂದೆ, ಔಷಧಿ ಅಂಗಡಿಯ ಮುಂದೆ, ತಾನೇ ಬೆಳೆಸುತ್ತಿರುವ ವಾಕ್ಯ ಎಲ್ಲಿಗೆ ಹೋಗುತ್ತಿದೆಯೆಂದು ಸ್ವಲ್ಪ ಗಾಬರಿಯಾಗಿಯೇ, ಕೈಬಾಯಿ ತಿರುಗಿಸುತ್ತ ಹೇಳುತ್ತ ಹೋದ. ಎದುರು ಬಂದವರು ದಾರಿ ಬಿಟ್ಟರು. ಅವಳು ಅವನ ತುಟಿಯನ್ನೇ ನೋಡುತ್ತ, ಒಂದೆರಡು ಸಲ ಎಡವುತ್ತ, ಪಕ್ಕದಲ್ಲಿ ನಡೆದಳು. ಮನೆ ಬಂತು. ಅವಳು ಬೀಗದ ಕೈ ಹೊರಗೆ ತೆಗೆದವಳು ಅದನ್ನು ಬೀಗಕ್ಕೆ ಹಾಕಲಿಲ್ಲ. ಕ್ರಿಯಾಪದ ಇನ್ನೂ ಬಂದಿರಲಿಲ್ಲ. ಅವಳು ಮೆಟ್ಟಿಲ ಮೇಲೆ ಕೂತು, ಪಕ್ಕದ ಜಾಗದ ಧೂಳನ್ನು ಅಂಗೈಯಿಂದ ಒರೆಸಿ, ಮುಂದೆ ಹೇಳಿ ಎಂಬಂತೆ ಅವನ ಕಡೆ ಮುಖವೆತ್ತಿದಳು.